ಹದಿಮೂರನೆಯವಳು

ಪ್ರೀತಿಯ ತಂಗಿ,

ಗುಲಾಮಗಿರಿಯ ಕಾಲದಲ್ಲಿ ಆಫ್ರಿಕನ್ನರನ್ನು ಹೂಳುತ್ತಿದ್ದ ನ್ಯೂಯಾರ್ಕಿನ ಹಳೆಯ ಸ್ಮಶಾನ, ಆಫ್ರಿಕನ್ ಬರಿಯಲ್ ಗ್ರೌಂಡಿಗಾಗಿ ನೀನು ಬರೆದ ಪ್ರದರ್ಶನದ ಪಠ್ಯ ಓದಿದೆ. ನಡುರಾತ್ರಿ, ದೊಂದಿ, ಮೂವತ್ತು ಕಲಾವಿದರು. ಕಣ್ಣಿಗೆ ಕಟ್ಟುತ್ತದೆ. ಆದರೆ ಯಾಕೆ ರಾತ್ರಿ, ಯಾಕೆ ಮೂವತ್ತು ಅನ್ನುವುದು ಎಲ್ಲೂ ಇಲ್ಲ. ತಿದ್ದುವುದನ್ನು ಅಲ್ಲಿಂದಲೇ ಶುರು ಮಾಡು.

ಆ ಊರಿನ ಕಾನೂನೇ ನಿನಗೆ ರಂಗಸೂಚನೆ ಬರೆದಿಟ್ಟಿದೆ. ರಾತ್ರಿ ಹೊತ್ತು ಮಣ್ಣು ಮಾಡುವುದು ಆಫ್ರಿಕನ್ನರ ರೂಢಿಯಾಗಿತ್ತು. 1712ರಲ್ಲಿ ಅಲ್ಲಿ ಗುಲಾಮರ ದಂಗೆಯಾದ ಮೇಲೆ ಒಡೆಯರಿಗೆ ಗುಂಪು ಕಂಡರೆ ಭಯ. 1722ರಲ್ಲಿ ಗುಲಾಮರ ಅಂತ್ಯಕ್ರಿಯೆ ಹಗಲಲ್ಲೇ ಮುಗಿಯಬೇಕೆಂದು ವಿಧಿಸಿದರು. 1731ರಲ್ಲಿ, ಹೆಣ ಹೊರುವವರು ಮತ್ತು ಗುಂಡಿ ತೋಡುವವರನ್ನು ಬಿಟ್ಟು, ಹನ್ನೆರಡಕ್ಕಿಂತ ಹೆಚ್ಚು ಜನ ಸೇರಕೂಡದೆಂದರು. ಹಾಗಾಗಿ ಹಗಲು ಬೆಳಕಲ್ಲಿ ಹನ್ನೆರಡೇ ಜನ ನಡೆಯಲಿ. ಹದಿಮೂರನೆಯವಳು ಹೊರಗೆ ನಿಂತಿರಲಿ, ಹಾಡು ಕೇಳಿಸುವಷ್ಟು ಹತ್ತಿರ, ಹಿಡಿ ಮಣ್ಣು ಹಾಕಲಾಗದಷ್ಟು ದೂರ. ಅವಳು ಒಳಗೆ ಕಾಲಿಟ್ಟಾಗ ದೊಂದಿ ಹೊತ್ತಲಿ. ಆ ಜಾಗ ನೋಡಿಕೊಳ್ಳುವುದು ಅಮೆರಿಕ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್. ಬೆಂಕಿಗೂ ಧ್ವನಿವರ್ಧಕಕ್ಕೂ ಮೊದಲೇ ಅನುಮತಿ ಕೇಳು. ಎರಡೂ ಸಿಗದಿದ್ದರೂ ನಿಲ್ಲುವ ಹಾಗೆ ದೃಶ್ಯ ಬರೆ.

ಸತ್ತವರಿಗೆ ನೀನು ಕಟ್ಟಿದ ಇಪ್ಪತ್ತು ಹೆಸರುಗಳನ್ನು ದಯವಿಟ್ಟು ತೆಗೆದುಬಿಡು. 1991ರಲ್ಲಿ ಸರ್ಕಾರಿ ಕಚೇರಿ ಕಟ್ಟಡಕ್ಕೆ ಅಗೆಯುವಾಗ ಸಿಕ್ಕ 419 ಮಂದಿ ಯಾರು ಯಾರೆಂದು ಗುರುತಾಗಿಲ್ಲ. ಉಳಿದಿರುವುದು ಸಮಾಧಿಯ ಸಂಖ್ಯೆಗಳು. ಅವನ್ನೇ ಓದಿಸು. ಒಂದಕ್ಕೆ ಮೂರು ಸೆಕೆಂಡಿನಂತೆ ಇಪ್ಪತ್ತೊಂದು ನಿಮಿಷ ಬೇಕು. ಒಬ್ಬರೇ ಓದಿದರೆ ದನಿ ಬೀಳುತ್ತದೆ, ಕೇಳುವವರ ಗಮನವೂ ಜಾರುತ್ತದೆ. ಹನ್ನೆರಡು ಜನಕ್ಕೆ ಮೂವತ್ತೈದರಂತೆ ಹಂಚು. ಕೊನೆಯವರಿಗೆ ಮೂವತ್ತನಾಲ್ಕೇ ಬರುತ್ತದೆ. ಮಿಕ್ಕ ಆ ಮೂರು ಸೆಕೆಂಡು ಹದಿಮೂರನೆಯವಳದು. ಇನ್ನೂ ಕಟ್ಟಡಗಳ ಅಡಿಯಲ್ಲೇ ಇರುವ ಸಾವಿರಾರು ಜನರಿಗಾಗಿ ಅವಳು ಸುಮ್ಮನೆ ನಿಲ್ಲಲಿ.

ಕೆಲವು ಸಂಖ್ಯೆಗಳ ಹತ್ತಿರ ತಡೆದು ನಿಲ್ಲಿಸು. 25: ಎಳೆ ವಯಸ್ಸಿನ ಹೆಣ್ಣು, ಪಕ್ಕೆಲುಬಿನ ನಡುವೆ ಬಂದೂಕಿನ ಗುಂಡು. 340: ಒಬ್ಬ ಹೆಂಗಸು, ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿ, ಜೊತೆಗೆ ಕವಡೆ. ಇಷ್ಟೇ ಸಾಕು, 'ಅಯ್ಯೋ' ಬೇಡ. 101ರ ಪೆಟ್ಟಿಗೆಯ ಮುಚ್ಚಳದ ಮೇಲೆ ಮೊಳೆ ಹೊಡೆದು ಮಾಡಿದ ಹೃದಯದಂಥ ಆಕಾರವಿತ್ತು. ಅದು ಘಾನಾದ ಅಕಾನ್ ಜನರ ಸಂಕೋಫಾ ಚಿಹ್ನೆ, ಅಂದರೆ 'ಹಿಂದೆ ಹೋಗಿ ಮರಳಿ ತಾ' ಎನ್ನುವ ಗುರುತು ಎಂದು ಕೆಲವರು, ಆ ಕಾಲದ ಇಂಗ್ಲಿಷ್ ಪೆಟ್ಟಿಗೆಗಳ ಮಾಮೂಲಿ ಅಲಂಕಾರ ಎಂದು ಕೆಲವರು. ನೀನು ತೀರ್ಪು ಕೊಡಬೇಡ. ಮೊಳೆ ಹೊಡೆಯುವ ಕೈಯನ್ನು ತೋರಿಸು.

ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳ ಚರ್ಮವಾದ್ಯ ಡಮಾಮಿಯನ್ನು ತರುವ ಆಸೆ ಒಳ್ಳೆಯದೇ. ಅವರ ಹಿರಿಯರಲ್ಲೂ ಅನೇಕರನ್ನು ಗುಲಾಮರಾಗಿ ತಂದದ್ದು ನಿಜ, ಆದರೆ ಬೇರೆ ಕಡಲು ದಾಟಿಸಿ, ಪೋರ್ಚುಗೀಸರ ಗೋವೆಯ ದಾರಿಯಿಂದ. ಆ ವಾದ್ಯವನ್ನು ಸಿದ್ದಿಗಳೇ ನುಡಿಸಲಿ, ಯಾಕೆ ಅಲ್ಲಿ ನುಡಿಸುತ್ತಿದ್ದೇವೆಂದು ಅವರ ಮಾತಲ್ಲೇ ಹೇಳಲಿ.

ಇನ್ನೊಂದು. ಸ್ಮಾರಕದಲ್ಲಿ ಹುಲ್ಲು ಹೊದ್ದ ಏಳು ದಿಬ್ಬಗಳಿವೆ. 2003ರಲ್ಲಿ, ಘಾನಾದಲ್ಲಿ ಕೆತ್ತಿಸಿದ ಪೆಟ್ಟಿಗೆಗಳಲ್ಲಿ ಆ 419 ಮಂದಿಯನ್ನು ಮತ್ತೆ ಮಲಗಿಸಿದ ಜಾಗ ಅದು. ನಿನ್ನ ನಕ್ಷೆಯಲ್ಲಿ ಪ್ರೇಕ್ಷಕರು ಸರಿಯಾಗಿ ಅದರ ಮೇಲೆಯೇ ನಿಂತಿದ್ದಾರೆ. ಮೊದಲು ಅದನ್ನು ಸರಿಪಡಿಸು.

ಗಡಿಯಾರ ಎದುರಿಗಿಟ್ಟುಕೊಂಡು 419ನ್ನೂ ಒಮ್ಮೆ ಗಟ್ಟಿಯಾಗಿ ಓದು, ಆಮೇಲೆ ತಿದ್ದಿದ ಪ್ರತಿ ಕಳಿಸು.