ಪ್ರಕಟನೆಯ ಕೊನೆಯ ಅಧ್ಯಾಯ ಮುಗಿಯಿತು, ಎಲ್ಲರಿಗೂ ವಂದನೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಪುಸ್ತಕವಾದ ಪ್ರಕಟನೆಯ 22ನೇ ಅಧ್ಯಾಯ ಓದಿ ಮುಗಿಸಿದೆವು. ಆದಿಕಾಂಡದಿಂದ ಹಿಡಿದು ದಿನಕ್ಕೊಂದೇ ಅಧ್ಯಾಯ. ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯಗಳಿವೆ. ದಿನಕ್ಕೆ ಮೂರು ಓದಿ ಭಾನುವಾರ ಇನ್ನೆರಡು ಸೇರಿಸಿದರೆ ವರ್ಷದಲ್ಲಿ ಮುಗಿಯುತ್ತದೆ, ನಮ್ಮ ಚರ್ಚಿನ ಸಭೆಯಲ್ಲಿ ಹಾಗೆ ಓದುವವರೇ ಹೆಚ್ಚು. ಒಂದೊಂದೇ ಓದುವವರಿಗೆ ಮೂರು ವರ್ಷದ ಮೇಲೂ ಬೇಕು. ಆ ಲೆಕ್ಕ ಗೊತ್ತಿದ್ದೇ ಶುರು ಮಾಡಿದೆವು. ಆಗ ನಮ್ಮ ಮನೆಯವರ ಮುಂದಿನ ಮೂರು ತಿಂಗಳ ಬಗ್ಗೆಯೇ ಡಾಕ್ಟರು ಏನೂ ಹೇಳಲು ಒಪ್ಪುತ್ತಿರಲಿಲ್ಲ.

ನಮ್ಮ ಮನೆಯವರು ಗುಳೇದಗುಡ್ಡದಲ್ಲಿ ಟೇಲರ್. ಖಣದ ಕುಪ್ಪಸ ಹೊಲಿಯುವುದರಲ್ಲಿ ಅವರ ಕೈ ಚೊಕ್ಕ ಎಂದು ನಾನು ಹೇಳಬೇಕಾಗಿಲ್ಲ, ಹೊಲಿಸಿಕೊಂಡವರು ಹೇಳುತ್ತಾರೆ. ಬನಶಂಕರಿ ಜಾತ್ರೆ ಹತ್ತಿರ ಬಂದಿತ್ತು, ಅಂಗಡಿಯ ಕಪಾಟಿನ ತುಂಬ ಖಣ. ಒಂದು ಮಧ್ಯಾಹ್ನ ಕತ್ತರಿ ಕೈಯಿಂದ ಜಾರಿತು. ಬಾಯಿ ಒಂದು ಬದಿಗೆ ಸೊಟ್ಟಗಾಯಿತು, ಬಲಗೈ ಮೇಲೇಳಲಿಲ್ಲ, ಮಾತು ನಿಂತುಹೋಯಿತು. ಲಕ್ವಾ ಎಂದು ನೆರೆದವರಿಗೆಲ್ಲ ತಿಳಿಯಿತು. ಅದಕ್ಕೆ ಔಷಧಿ ಕೊಡುವ ಹಳ್ಳಿಯ ಹೆಸರೂ ಕೂಡಲೇ ಬಂತು. ಪಕ್ಕದ ಬಳೆ ಅಂಗಡಿಯ ಅಣ್ಣ ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ತನ್ನ ಗಾಡಿಯಲ್ಲಿ ಕೂರಿಸಿಕೊಂಡು ನೇರ ಬಾಗಲಕೋಟೆಗೆ ಒಯ್ದರು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಕೊಟ್ಟರು. ಅಣ್ಣಾ, ನಮ್ಮ ಮೊದಲ ವಂದನೆ ನಿಮಗೆ. ನೀವು ಮೊಹರಂನಲ್ಲಿ ಚೋಂಗೆ ಕಳಿಸಿದಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ದೇಹದ ಬಲಭಾಗದ ಜೊತೆಗೆ ಮಾತೂ ಹೋಗಬಹುದು. ನಾವು ಹೇಳಿದ್ದು ಅವರಿಗೆ ಬಹುಪಾಲು ತಿಳಿಯುತ್ತಿತ್ತು, ಅವರಿಗೆ ಬೇಕಾದ ಪದ ಮಾತ್ರ ಸಿಗುತ್ತಿರಲಿಲ್ಲ. ನೀರು ಬೇಕಾದಾಗ 'ಗುಂಡಿ' ಎನ್ನುತ್ತಿದ್ದರು. ತಪ್ಪಾಯಿತೆಂದು ತಮಗೇ ಗೊತ್ತಾಗಿ ಎಡಗೈಯಿಂದ ಹಾಸಿಗೆಯನ್ನು ಗುದ್ದುತ್ತಿದ್ದರು. ವಾಕ್ ಚಿಕಿತ್ಸೆಯ ಹುಡುಗಿ ಮೊದಲ ದಿನವೇ ಕೇಳಿದರು: "ಇವರಿಗೆ ಚಿಕ್ಕಂದಿನಿಂದ ಬಾಯಿಪಾಠ ಬರುವುದೇನಾದರೂ ಇದೆಯೇ? ಹಾಡು, ಮಗ್ಗಿ, ಪ್ರಾರ್ಥನೆ?" ನಾನು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರು ಮಾಡಿದೆ. 'ಅನುದಿನದ ಆಹಾರ'ದ ಹತ್ತಿರ ಬರುವಷ್ಟರಲ್ಲಿ ಅವರ ದನಿಯೂ ಸೇರಿತು. ತೊದಲಿತು, ಆದರೆ ಪದಗಳು ಸರಿಯಾಗಿಯೇ ಬಂದವು. ನಾನು ಪವಾಡವೆಂದು ಕೈ ಜೋಡಿಸಿದೆ. ಆ ಹುಡುಗಿ ನಕ್ಕು, ಸ್ವಂತ ವಾಕ್ಯ ಕಟ್ಟಲಾಗದವರೂ ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದನ್ನು ಹೇಳುವುದುಂಟು ಎಂದು ವಿವರಿಸಿದರು. ಇರಲಿ, ದೇವರು ಕೆಲಸ ಮಾಡುವ ಬಗೆಯನ್ನು ಯಾರಾದರೂ ವಿವರಿಸಿದರೆ ನನಗೇನೂ ಬೇಸರವಿಲ್ಲ. ದಿನವೂ ಗಟ್ಟಿಯಾಗಿ ಓದಿ, ಅವರಿಂದಲೂ ಹೇಳಿಸಿ ಎಂದವರು ಆ ಹುಡುಗಿಯೇ. ಅವರಿಗೂ, ಕೈಕಾಲಿನ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಯವರಿಗೂ ನಾವು ಋಣಿಗಳು.

ಏನು ಓದುವುದು ಎಂಬುದಕ್ಕೆ ಸಲಹೆಗಳು ಬಹಳ ಬಂದವು. ವಾಗ್ದಾನದ ವಚನಗಳನ್ನು ಆರಿಸಿ ಬರೆದ ಪಟ್ಟಿಗಳೂ ಬಂದವು. ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಮಾತ್ರ, "ಮೊದಲಿನಿಂದ ಓದಿಯಮ್ಮ, ಬಂದದ್ದನ್ನು ಬಂದ ಹಾಗೆ ಓದಿ" ಎಂದರು. ಅತ್ತೆಯವರ ಕಾಲದ ದಪ್ಪ ಪುಸ್ತಕ ಹೊರಗೆ ಬಂತು. ಬಾಸೆಲ್ ಮಿಷನ್ನಿನವರು 1851ರಲ್ಲಿ ನಮ್ಮೂರಿಗೆ ಬಂದು ನೆಲೆಸಿದ ಮೇಲೆ ಹುಟ್ಟಿದ ಸಭೆ ನಮ್ಮದು. ಹಳೆಯ ಮನೆಗಳಲ್ಲಿ ಇಂಥ ಪುಸ್ತಕಗಳು ಇನ್ನೂ ಇವೆ, ಓದುವವರು ಬೇಕಷ್ಟೆ.

ಬಂದ ಹಾಗೆ ಓದಿದ್ದರಿಂದ ಒಂದು ತಮಾಷೆಯೂ ಆಯಿತು. ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಹೆಚ್ಚಿನದು ಬರೀ ಹೆಸರುಗಳು. ಯಾರ ಮಗ ಯಾರು, ಯಾವ ಕುಲ ಯಾವುದು. ಓದುವವರು ಅಲ್ಲಿ ಹಾಳೆ ತಿರುವಿಬಿಡುತ್ತಾರೆ. ನಮಗೆ ಆ ಒಂಬತ್ತು ಅಧ್ಯಾಯಗಳಷ್ಟು ಪ್ರಯೋಜನಕ್ಕೆ ಬಂದದ್ದು ಇನ್ನೊಂದಿಲ್ಲ. ವ್ಯಾಕರಣವಿಲ್ಲ, ವಾಕ್ಯ ಕಟ್ಟುವ ಕಷ್ಟವಿಲ್ಲ. ಮಗಳು 'ಆದಾಮ' ಎನ್ನುವಳು, ಅಪ್ಪ 'ಆದಾಮ' ಎನ್ನುವರು. ಸೇತ. ಎನೋಷ. ಮಹಲಲೇಲ ಬಂದಾಗ ಅಪ್ಪನ ನಾಲಿಗೆಯೂ ಸಿಕ್ಕಿಕೊಂಡಿತು, ಮಗಳದ್ದೂ ಸಿಕ್ಕಿಕೊಂಡಿತು. ಲಕ್ವಾ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅಂದೇ ಮೊದಲು.

ಯೋಬನ ಪುಸ್ತಕ ಓದುವಾಗ, ಮನೆಗೆ ಬಂದು "ನಿಮ್ಮಲ್ಲಿ ವಿಶ್ವಾಸ ಸಾಲದು" ಎಂದು ಹೇಳಿ ಹೋದ ಕೆಲವರ ನೆನಪಾಯಿತು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರಂತೆ. ಆಮೇಲೆ ತಪ್ಪು ನಿನ್ನದೇ ಎಂದು ವಾದಿಸಿದರು. ಸುಮ್ಮನೆ ಕುಳಿತಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಒಳ್ಳೆಯ ಸ್ನೇಹಿತರು! ಹಾಗೆ ಸುಮ್ಮನೆ ಬಂದು ಕುಳಿತವರು ನಮಗೂ ಸಿಕ್ಕರು. ಎದುರು ಮನೆಯ ಅಮ್ಮ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ನಮ್ಮ ಸತ್ಯವೇದವನ್ನು ಎಂದೂ ಮುಟ್ಟಿದವರಲ್ಲ. ಎಷ್ಟೋ ಸಂಜೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, ನಾವು ಓದಿ ಮುಗಿಸುವವರೆಗೆ ಬಾಗಿಲಲ್ಲೇ ಕುಳಿತು ಕೇಳಿ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ, "ಯೋಸೇಫನ ಅಣ್ಣಂದಿರದು ಏನಾಯಿತು?" ಎಂದು ಮರುದಿನ ಬೆಳಿಗ್ಗೆಯೇ ಬಂದು ಕೇಳಿದರು.

ಹೊಸ ವರ್ಷದ ಆರಾಧನೆಯಲ್ಲಿ ವಚನದ ಚೀಟಿ ಎತ್ತುವ ರೂಢಿ ನಮ್ಮಲ್ಲಿದೆ. ಯೆರೆಮೀಯ 29:11 ಬಂದರೆ ಎಲ್ಲರಿಗೂ ಸಂತೋಷ. ನಿಮ್ಮ ವಿಷಯವಾಗಿ ನನ್ನ ಆಲೋಚನೆಗಳು ಹಿತದವೇ ಹೊರತು ಕೇಡಿನವಲ್ಲ ಎಂದು ದೇವರು ಹೇಳುವ ಮಾತು ಅದು. ಇಡೀ ಅಧ್ಯಾಯ ಓದಿದಾಗ ನನಗೆ ಹಿಡಿಸಿದ್ದು ಅದರ ಹಿಂದಿನ ವಚನ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ ಅದು. ಬಿಡುಗಡೆಗೆ 70 ವರ್ಷ ಎಂದು ಅದರಲ್ಲೇ ಇದೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ ಎಂದೂ ಇದೆ. ಮುಂದೆ 32ನೇ ಅಧ್ಯಾಯದಲ್ಲಂತೂ, ವೈರಿಗಳು ಊರನ್ನು ಮುತ್ತಿರುವಾಗ, ಕಾವಲಿನಲ್ಲಿದ್ದ ಯೆರೆಮೀಯನು 17 ಶೆಕೆಲ್ ಬೆಳ್ಳಿ ತೂಗಿ ಹೊಲ ಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿ, ಬಹುದಿನ ಬಾಳಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಕೊಟ್ಟು ನವನಗರ ಸೇರಿದ ನಮ್ಮ ಬಾಗಲಕೋಟೆಯ ಬಳಗಕ್ಕೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಮುಳುಗುವ ಹೊಲವನ್ನು ದುಡ್ಡು ಕೊಟ್ಟು ಕೊಂಡನೇ ಎಂದು ಮಾವ ಎರಡು ಸಲ ಕೇಳಿದರು.

ನಾವೂ ಮಷಿನ್ ಮಾರಲಿಲ್ಲ, ಅಂಗಡಿ ಬಿಡಲಿಲ್ಲ. ಹೊಲಿಯುವ ಕೈ ಬರುತ್ತದೆಂಬ ಭರವಸೆ ಯಾರೂ ಕೊಟ್ಟಿರಲಿಲ್ಲ, ಸತ್ಯವೇದದಲ್ಲೂ ಅದು ಬರೆದಿಲ್ಲ. ಆ ದಿನದ ಅಧ್ಯಾಯ ಓದುವುದು, ಆ ದಿನದ ಮಾತ್ರೆ ಕೊಡುವುದು, ಆ ದಿನ ಒಂದು ಕಾಜ ಹೊಲಿಯುವುದು, ಇಷ್ಟೇ ಮಾಡಿದೆವು. ನಾಳೆಯನ್ನು ದೇವರಿಗೆ ಬಿಡುವುದೆಂದರೆ ನಮ್ಮ ಮನೆಯಲ್ಲಿ ಇದೇ. ಬಾಡಿಗೆಗೆ ಅವಸರ ಮಾಡದ ಅಂಗಡಿ ಮಾಲೀಕರಿಗೆ ವಂದನೆ. ಆ ಜಾತ್ರೆಗೆ ಕೊಡಬೇಕಿದ್ದ ಕುಪ್ಪಸಗಳನ್ನು ಪೇಟೆಯ ಟೇಲರ್‌ಗಳು ಹಂಚಿಕೊಂಡು ಹೊಲಿದುಕೊಟ್ಟರು. ಖಣದ ಬಟ್ಟೆ ಒಂದು ಕುಪ್ಪಸಕ್ಕೆ ಆಗುವಷ್ಟೇ ಇರುತ್ತದೆ, ಕತ್ತರಿ ತಪ್ಪಿದರೆ ಮತ್ತೆ ತರಲು ತುಂಡಿಲ್ಲ. ಇನ್ನೊಬ್ಬರು ಹಾಕಿದ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಆಡಿಸಿ, ಎರಡೂ ತೋಳಿಗೆ ಅಂಚು ಸರಿಯಾಗಿ ಕೂರಿಸಿ, ಕೂಲಿಯನ್ನು ನಮ್ಮ ಮನೆಗೇ ಕಳಿಸಿದರು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಈಗ ಅವರು ಕೋಲು ಹಿಡಿದು ಅಂಗಡಿಗೆ ಬರುತ್ತಾರೆ. ಬಲಗೈ ಕತ್ತರಿಗೆ ಒಗ್ಗಿಲ್ಲ. ಅಳತೆ ಹೇಳುತ್ತಾರೆ, ಎಡಗೈಯಲ್ಲಿ ಗೆರೆ ಹಾಕುತ್ತಾರೆ, ಮಗಳು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಮಾತು ಚಿಕ್ಕ ಚಿಕ್ಕದಾಗಿ ಬರುತ್ತದೆ, ಹರಿತ ಮಾತ್ರ ಹೋಗಿಲ್ಲ. ಲೂಕನ ಮೊದಲನೆಯ ಅಧ್ಯಾಯದಲ್ಲಿ, ಮೂಕನಾದ ಜಕರೀಯನು ಮಗು ಹುಟ್ಟಿ ಹೆಸರಿಡುವ ದಿನ ಮತ್ತೆ ಮಾತಾಡಿದ್ದನ್ನು ಓದಿದೆವು. ಅವರು ಸ್ವಲ್ಪ ಹೊತ್ತು ಪದ ಹುಡುಕಿ, "ಅವನಿಗೆ ಬೇಗ ಬಂತು" ಎಂದರು.

ಬರುವ ಭಾನುವಾರದ ಆರಾಧನೆಯಲ್ಲಿ ನಮ್ಮ ಸ್ತೋತ್ರ ಕಾಣಿಕೆ ಇದೆ. 103ನೇ ಕೀರ್ತನೆಯನ್ನು ಅವರೇ ಓದುತ್ತಾರೆ. 22 ವಚನಗಳಿವೆ, ಹೊತ್ತು ಹಿಡಿಯುತ್ತದೆ, ಎಲ್ಲೂ ಯಾರೂ ಎತ್ತಿಕೊಡಬೇಡಿ ಎಂದು ಅವರೇ ಹೇಳಿಸಿದ್ದಾರೆ. ಆರಾಧನೆ ಮುಗಿದ ಮೇಲೆ ಸಭೆಯ ಹೆಂಗಸರು ಎಲ್ಲರಿಗೂ ಚಹಾ, ಚುರುಮುರಿ ಮಾಡುತ್ತಿದ್ದಾರೆ. ಬಳೆ ಅಂಗಡಿಯ ಅಣ್ಣ, ಎದುರು ಮನೆಯ ಅಮ್ಮ, ಪೇಟೆಯ ಟೇಲರ್‌ಗಳು ಎಲ್ಲರೂ ಬರಬೇಕು. ಆ ವರ್ಷ ಅಳತೆ ಕೊಟ್ಟು ಹೋದವರ ಎರಡು ಕುಪ್ಪಸ ಇನ್ನೂ ನಮ್ಮ ಕಪಾಟಿನಲ್ಲಿವೆ. ಬಣ್ಣ ಹೇಳಿ ಒಯ್ಯಿರಿ. ಮೈ ತುಂಬಿಕೊಂಡಿದ್ದರೆ ಬಿಚ್ಚಿ ಸಡಿಲ ಮಾಡಿಕೊಡುತ್ತೇವೆ.