ಕೊಟ್ಟ ವಿಕಿರಣದ ಲೆಕ್ಕ ರೋಗಿಯ ಕೈಗೂ ಸಿಗಲಿ: ಮಹಾರಾಷ್ಟ್ರದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಆರೋಗ್ಯ ಸಚಿವರಿಗೆ,
ಮಂತ್ರಾಲಯ, ಮುಂಬೈ

ಮಾನ್ಯರೇ,

ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ಗೆ ಒಮ್ಮೆ ವಿಕಿರಣ ಚಿಕಿತ್ಸೆ ಪಡೆದು, ಅದೇ ಜಾಗದಲ್ಲಿ ರೋಗ ಮರುಕಳಿಸಿದವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಚಿಕಿತ್ಸೆಗೆಂದು ಮುಂಬೈಗೆ ಬರುವ ನಮ್ಮವರೂ ಓದಲೆಂದು ಕನ್ನಡದಲ್ಲೂ ಪ್ರಕಟಿಸುತ್ತಿದ್ದೇನೆ.

ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆನ್ನೆಯ ಕ್ಯಾನ್ಸರ್‌ಗೆ ‘ಕರೆಂಟ್’ (ವಿಕಿರಣ) ಕೊಡಿಸಿಕೊಂಡಿದ್ದ ನನ್ನ ಸೋದರಮಾವ, ಗಡ್ಡೆ ಮತ್ತೆ ಕಾಣಿಸಿದ್ದರಿಂದ ಮುಂಬೈನ ವಡಾಲಾದ ನಮ್ಮ ಮನೆಗೆ ಬಂದರು. ಅವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಹೆಸರು, ವಯಸ್ಸು, ರೇಡಿಯೇಷನ್ ಮುಗಿದಿದೆ ಎಂಬ ಒಂದು ಸಾಲು ಮತ್ತು ಮೊಹರು ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿನ ವೈದ್ಯರು ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, ಒಟ್ಟು ಎಷ್ಟು ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಕೊಟ್ಟಿದ್ದಾರೆ, ಕುತ್ತಿಗೆಯ ಎರಡೂ ಬದಿಗೆ ಕೊಟ್ಟಿದ್ದಾರೆಯೇ ಎಂದು ಕೇಳಿದರು. ಮುಖಕ್ಕೆ ಬಿಗಿಯಾದ ಮುಖವಾಡ ಹಾಕುತ್ತಿದ್ದರು, ಕುತ್ತಿಗೆಯ ಚರ್ಮ ಕಪ್ಪಾಯಿತು, ಆಮೇಲಾಮೇಲೆ ಎಂಜಲು ನುಂಗುವುದೂ ಕಷ್ಟವಾಯಿತು ಎಂದಷ್ಟೇ ಮಾವ ಹೇಳಬಲ್ಲವರಾಗಿದ್ದರು.

ಈ ಲೆಕ್ಕವಿಲ್ಲದೆ ಎರಡನೆಯ ಚಿಕಿತ್ಸೆಯನ್ನು ಯೋಜಿಸುವುದು ಅಪಾಯಕರ. ಮೊದಲ ಸಲ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಸುಮಾರು ಏಳು ವಾರಗಳಲ್ಲಿ 66ರಿಂದ 70 ಗ್ರೇವರೆಗೆ ಕೊಡುತ್ತಾರೆ. ಬೆನ್ನುಹುರಿಗೆ ಬೀಳುವ ಪ್ರಮಾಣ 45ರಿಂದ 50 ಗ್ರೇ ದಾಟದಂತೆ ನೋಡಿಕೊಳ್ಳುತ್ತಾರೆ. ಅದೇ ಜಾಗಕ್ಕೆ ಮತ್ತೆ ವಿಕಿರಣ ಬಿದ್ದಾಗ ದವಡೆಯ ಮೂಳೆ ಸಾಯಬಹುದು, ಬಾಯಿ ತೆರೆಯದಂತಾಗಬಹುದು, ಊಟ ಕೊಳವೆಗೇ ಸೀಮಿತವಾಗಬಹುದು; ಅಪರೂಪಕ್ಕೆ ಕುತ್ತಿಗೆಯ ಶೀರ್ಷಧಮನಿ ಒಡೆದು ಪ್ರಾಣವೇ ಹೋಗಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆ ಸಾಧ್ಯವಿದ್ದರೆ ಅದೇ ಮೊದಲ ಆಯ್ಕೆ. ಮರುವಿಕಿರಣವೇನಿದ್ದರೂ ಆಯ್ದ ರೋಗಿಗಳಿಗೆ, ಅದೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಅಂತರದ ನಂತರ. ಗಡ್ಡೆಯ ಆಕಾರಕ್ಕೆ ಹೊಂದಿಸಿ ಕೊಡುವ ಐಎಂಆರ್‌ಟಿ ಇದೆ, ಕೆಲವೇ ಸಲಕ್ಕೆ ಹೆಚ್ಚಿನ ಪ್ರಮಾಣವನ್ನು ನಿಖರವಾಗಿ ಗುರಿಯಿಟ್ಟು ಕೊಡುವ ಸ್ಟೀರಿಯೊಟ್ಯಾಕ್ಟಿಕ್ ವಿಧಾನ ಇದೆ, ಖಾರ್ಘರ್‌ನ ಟಾಟಾ ಸ್ಮಾರಕ ಕೇಂದ್ರದಲ್ಲಿ ಪ್ರೋಟಾನ್ ಕಣಗಳಿಂದ ವಿಕಿರಣ ಕೊಡುವ ಯಂತ್ರವೂ ಇದೆ. ಆದರೆ ಹಳೆಯ ಪ್ಲಾನ್ (ಎಲ್ಲಿಗೆ ಎಷ್ಟು ವಿಕಿರಣ ಎಂಬ ಮೊದಲ ಚಿಕಿತ್ಸೆಯ ಯೋಜನೆ) ಮುಂದಿದ್ದರೆ ಮಾತ್ರ ವೈದ್ಯರು ಯಾವ ಅಂಗಕ್ಕೆ ಈಗಾಗಲೇ ಎಷ್ಟು ಬಿದ್ದಿದೆ ಎಂದು ಹೊಸದರೊಂದಿಗೆ ಕೂಡಿ ನೋಡಬಲ್ಲರು. ಅದಿಲ್ಲದಿದ್ದರೆ ಕೆಟ್ಟದ್ದನ್ನೇ ಊಹಿಸಿಕೊಂಡು ಪ್ರಮಾಣ ತಗ್ಗಿಸಬೇಕು, ಇಲ್ಲವೇ ಆಗುವುದಿಲ್ಲ ಎಂದು ಹೇಳಿ ಕಳುಹಿಸಬೇಕು. ಎಲ್ಲರಿಗೂ ಮರುವಿಕಿರಣ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೆಲವರಿಗೆ ನೋವು ತಗ್ಗಿಸುವ ಆರೈಕೆಯೇ ಸರಿ. ಆದರೆ ಕಾಗದವೊಂದು ಸಿಗದ ಕಾರಣಕ್ಕೆ ಆ ತೀರ್ಮಾನವಾಗುವುದು ಅನ್ಯಾಯ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆನ್ನುತ್ತವೆ, ಚಿಕಿತ್ಸೆ ಆರಂಭವಾದಾಗಿನಿಂದ 3 ವರ್ಷ ಅದನ್ನು ಕಾಪಾಡಬೇಕೆನ್ನುತ್ತವೆ. ಆದರೆ ಆ 3 ವರ್ಷದ ಮಾತು ಒಳರೋಗಿಗಳ ದಾಖಲೆಗೆ ಸಂಬಂಧಿಸಿದ್ದು. ವಿಕಿರಣಕ್ಕೆ ಬಹುತೇಕರು ಹೊರರೋಗಿಗಳಾಗಿಯೇ ದಿನವೂ ಬಂದು ಹೋಗುತ್ತಾರೆ. ಈ ರೋಗ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ ಮರಳುತ್ತದೆಯಾದರೂ ಐದಾರು ವರ್ಷದ ಮೇಲೆ ಮರಳಿದವರೂ ಇದ್ದಾರೆ.

ರಾಜ್ಯದ ಆರೋಗ್ಯ ಯೋಜನೆಯಾದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಆಸ್ಪತ್ರೆಗಳಿಗೆ ಹಣ ಸಂದಾಯವಾಗುವುದು ಸರ್ಕಾರದಿಂದ. ಒಟ್ಟು ಪ್ರಮಾಣ, ದಿನದ ಪ್ರಮಾಣ, ತಾರೀಖುಗಳು, ಚಿಕಿತ್ಸೆ ಪಡೆದ ಭಾಗ, ಬೆನ್ನುಹುರಿ ಮತ್ತು ದವಡೆಗೆ ಬಿದ್ದ ಗರಿಷ್ಠ ಪ್ರಮಾಣ ಇವಿಷ್ಟನ್ನು ನಮೂದಿಸಿದ ಒಂದು ಪುಟವನ್ನೂ ಪ್ಲಾನಿನ ಕಂಪ್ಯೂಟರ್ ಕಡತದ ಪ್ರತಿಯನ್ನೂ ರೋಗಿಗೆ ಕೊಟ್ಟು ಸಹಿ ಪಡೆದ ಮೇಲೆಯೇ ವಿಕಿರಣದ ಅಂತಿಮ ಬಿಲ್ ಮಂಜೂರಾಗಲಿ, ಆ ಕಡತವನ್ನು ಆಸ್ಪತ್ರೆ ಕನಿಷ್ಠ ಹತ್ತು ವರ್ಷ ಉಳಿಸಿಕೊಳ್ಳಲಿ. ಕಡತ ಹೇಗೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತಯಾರಾಗಿರುತ್ತದೆ, ಪ್ರತಿ ಮಾಡುವುದಕ್ಕೆ ಆಗುವ ಖರ್ಚು ಒಂದು ಪೆನ್‌ಡ್ರೈವ್‌ನದು. ಇದಕ್ಕೆ ಬೇಕಾದ ಸುತ್ತೋಲೆಯ ಕರಡನ್ನು ಮರಾಠಿ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ವಿಕಿರಣ ತಜ್ಞರಿಂದ ತಿದ್ದಿಸಿ, ಆದಷ್ಟು ಬೇಗ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ವಡಾಲಾದ ಒಬ್ಬ ಕನ್ನಡಿಗ