ಮಾಕ್ ಚಂಕ್ ರೈಲು ಕಿಟ್: ದಾರದ ಬದಲು ಬಾರ್ನಿ ಗಾಡಿ

ಮಾನ್ಯ ಗ್ರಾಹಕರೇ,

ನಮ್ಮ ಮಾಕ್ ಚಂಕ್ ಕಲ್ಲಿದ್ದಲು ರೈಲಿನ ಪ್ಲೈವುಡ್ ಕಿಟ್‌ನಲ್ಲಿ ಇಳಿಜಾರಿನ ಭಾಗ ಬದಲಾಗಿದೆ. ಇದುವರೆಗೆ ವ್ಯಾಗನ್ನನ್ನು ದಾರ ಕಟ್ಟಿ ಎಳೆಯಬೇಕಿತ್ತು. ಇನ್ನು ಮುಂದೆ ಬಾರ್ನಿ ಎಂಬ ನೂಕುಗಾಡಿ ಅದನ್ನು ಹಿಂದಿನಿಂದ ನೂಕುತ್ತದೆ.

ಈ ರೈಲಿನ ಜೀವಾಳವೇ ಬಾರ್ನಿ. ಅಮೆರಿಕದ ಪೆನ್ಸಿಲ್ವೇನಿಯಾದ ಸಮ್ಮಿಟ್ ಹಿಲ್ ಗಣಿಯಿಂದ ಲೀಹೈ ನದಿಯ ದಡದ ಮಾಕ್ ಚಂಕ್ ಊರಿನವರೆಗೆ ಸುಮಾರು 9 ಮೈಲಿಯ ಈ ಹಳಿ 1827ರಲ್ಲಿ ಶುರುವಾಯಿತು. ತುಂಬಿದ ಗಾಡಿಗಳು ತಾವಾಗಿಯೇ ಉರುಳಿ ಇಳಿಯುತ್ತಿದ್ದವು. ಖಾಲಿ ಗಾಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು; ಇಳಿಯುವಾಗ ಅವೂ ಗಾಡಿ ಹತ್ತಿಯೇ ಬರುತ್ತಿದ್ದವು. ಏರುವುದೂ ಇಳಿಯುವುದೂ ಒಂದೇ ಹಳಿಯಲ್ಲಾದ್ದರಿಂದ ಕಲ್ಲಿದ್ದಲು ಹೆಚ್ಚಿದಂತೆ ಅದು ಸಾಲದಾಯಿತು. 1840ರ ದಶಕದಲ್ಲಿ ಖಾಲಿ ಗಾಡಿಗಳಿಗೆಂದೇ ಬೇರೆ ಹಳಿ ಬಂತು. ಅದರ ಮೌಂಟ್ ಪಿಸ್ಗಾ ಇಳಿಜಾರು 2,322 ಅಡಿ ಉದ್ದ, 664 ಅಡಿ ಎತ್ತರ. ನೆತ್ತಿಯಲ್ಲಿ ಉಗಿ ಯಂತ್ರ.

ಬಾರ್ನಿ ಬುಡದ ಗುಂಡಿಯಲ್ಲಿ ಕಾಯುತ್ತಿತ್ತು. ಗಾಡಿ ಮೇಲಿಂದ ದಾಟಿ ಹೋದಮೇಲೆ ಉಗಿ ಯಂತ್ರ ಎಳೆಯುವ ಲೋಹದ ಪಟ್ಟಿ ಬಾರ್ನಿಯನ್ನು ಹೊರಗೆಳೆಯುತ್ತಿತ್ತು. ಆಗ ಅದು ಗಾಡಿಯ ಬೆನ್ನಿಗೆ ತಾಗಿ ನೂಕುತ್ತಿತ್ತು. ಪಟ್ಟಿ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಹಳಿಗಳ ನಡುವೆ ಹಲ್ಲುಪಟ್ಟಿ ಇತ್ತು. ಬಾರ್ನಿಯ ನಾಲಿಗೆ ಅದರ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಈ ಜಾಣ್ಮೆಯನ್ನು ಕೈಯಲ್ಲಿ ಮಾಡಿ ನೋಡಿದರೇ ಅರ್ಥವಾಗುವುದು.

ಕಿಟ್ 1:48 ಅಳತೆಯದು. ಅಸಲಿ 42 ಅಂಗುಲದ ಗೇಜ್ (ಹಳಿಗಳ ನಡುವಿನ ಅಂತರ) ಇಲ್ಲಿ ಸುಮಾರು 22 ಮಿ.ಮೀ. ಇಳಿಜಾರನ್ನು ಪೂರ್ತಿ ಮಾಡಿದರೆ 14 ಮೀಟರ್ ದಾಟುತ್ತದೆ. ಹಾಗಾಗಿ 900 ಮಿ.ಮೀ.ಗೆ ಮೊಟಕುಗೊಳಿಸಿದ್ದೇವೆ, ಮೇಲಿನ ತುದಿಯನ್ನು 257 ಮಿ.ಮೀ. ಎತ್ತಿದರೆ ಓರೆ ಅಸಲಿಯಷ್ಟೇ ಬರುತ್ತದೆ.

ಜೋಡಿಸುವಾಗ ಹಲ್ಲುಗಳ ನೆಟ್ಟಗಿನ ಮುಖ ಮೇಲಿನ ತುದಿಯ ಕಡೆಗಿರಲಿ. ತಿರುವುಮುರುವಾದರೆ ಬಾರ್ನಿ ಏರುವುದೇ ಇಲ್ಲ. ನಾಲಿಗೆ ತನ್ನ ಭಾರಕ್ಕೇ ಬೀಳಬೇಕು, ಆದ್ದರಿಂದ ಅದರ ಪಿನ್ನಿಗೆ ಅಂಟು ತಾಗದಿರಲಿ. ಹಲ್ಲುಪಟ್ಟಿಯ ಮೇಲೆ ವಾರ್ನಿಷ್ ಬೇಡ; ಹಲ್ಲಿನ ಬುಡ ತುಂಬಿಕೊಂಡು ನಾಲಿಗೆ ಜಾರುತ್ತದೆ. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಬಾರ್ನಿ ಸಿಕ್ಕಿಹಾಕಿಕೊಂಡರೆ ಹಲ್ಲುಪಟ್ಟಿಯ ಅಂಚನ್ನು ಉಪ್ಪುಕಾಗದದಿಂದ ತುಸು ತಿಕ್ಕಿ. ಇಳಿಸುವಾಗ ನಾಲಿಗೆಯನ್ನು ಬೆರಳಿನಿಂದ ಎತ್ತಿ ಹಿಡಿಯಿರಿ.

1872ರಲ್ಲಿ ಸುರಂಗದ ದಾರಿ ತೆರೆದು ಕಲ್ಲಿದ್ದಲು ಆ ಕಡೆ ಹೋಯಿತು. ಆಮೇಲೆ ಪ್ರವಾಸಿಗರನ್ನು ಹೊತ್ತು ಓಡಿದ ಈ ರೈಲು 1933ರಲ್ಲಿ ನಿಂತಿತು, 1937ರಲ್ಲಿ ಗುಜರಿಗೆ ಹೋಯಿತು. ಪ್ರವಾಸಿ ಬೋಗಿಯ ಭಾಗಗಳಲ್ಲಿ ಬದಲಾವಣೆಯಿಲ್ಲ.

ಹಳೆಯ ಕಿಟ್ ಇರುವವರು ಇಳಿಜಾರಿನ ಭಾಗವನ್ನಷ್ಟೇ ತರಿಸಿಕೊಳ್ಳಬಹುದು. ಗೇಜ್ ಒಂದೇ ಆದ್ದರಿಂದ ನಿಮ್ಮ ವ್ಯಾಗನ್ ಹಾಗೆಯೇ ಹೊಂದುತ್ತದೆ.